ಗೇರು ಇಳಿಸಿ ಘಾಟಿ ಏರುವುದು

'ಚುನಾವಣಾ ಪ್ರಚಾರ ಟಾಪ್ ಗೇರಿನಲ್ಲಿ ಸಾಗಿದೆ' ಎಂದು ಪತ್ರಿಕೆಗಳು ಬರೆಯುತ್ತವೆ. ಪ್ರಚಾರಕ್ಕೆ ಎಂಜಿನ್ನೂ ಇಲ್ಲ, ಹಲ್ಲುಚಕ್ರವೂ ಇಲ್ಲ; ಆದರೂ ಅರ್ಥ ತೊಡಕಿಲ್ಲದೆ ತಿಳಿಯುತ್ತದೆ. 11ನೆಯ ಶತಮಾನದ ಮಮ್ಮಟನು 'ಕಾವ್ಯಪ್ರಕಾಶ'ದಲ್ಲಿ ಲಕ್ಷಣೆಗೆ ಹೇಳಿದ ಮೂರು ಹೇತುಗಳೂ—ಮುಖ್ಯಾರ್ಥಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಇಲ್ಲವೆ ಪ್ರಯೋಜನ—ಇಲ್ಲಿ ಕೂಡಿಬಂದಿವೆ.

ಆದರೆ ಆ ಸಂಬಂಧದಲ್ಲಿ ಅರ್ಧವನ್ನಷ್ಟೇ ನಾವು ಉಳಿಸಿಕೊಂಡಿದ್ದೇವೆ ಎಂಬುದು ನನ್ನ ಆಕ್ಷೇಪ. ಗೇರು ಸೂಚಿಸುವುದು ಎಂಜಿನ್ನಿನ ಸುತ್ತುಗಳಿಗೂ ಚಕ್ರದ ಸುತ್ತುಗಳಿಗೂ ಇರುವ ಪ್ರಮಾಣವನ್ನು. ಮೊದಲ ಗೇರಿನಲ್ಲಿ ಎಂಜಿನ್ನು ಹಲವು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ತಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಟಾಪ್ ಗೇರಿನಲ್ಲಿ ವೇಗ ಹೆಚ್ಚು, ಎಳೆಯುವ ಬಲ ಕಡಿಮೆ. ಆದ್ದರಿಂದಲೇ ಭಾರ ಹೊತ್ತ ಲಾರಿ ಖಂಡಾಲಾ ಘಾಟಿಯನ್ನು ಗೇರು ಇಳಿಸಿ ಏರುತ್ತದೆ. ಅಲ್ಲಿ ಟಾಪ್ ಗೇರನ್ನೇ ಹಿಡಿದು ಕುಳಿತರೆ ಎಂಜಿನ್ನು ನಿಂತುಹೋಗುತ್ತದೆ.

ಹೊರನಾಡಿನ ಕನ್ನಡ ಅಧ್ಯಯನಕ್ಕೆ ಉಳಿದ ಈ ಅರ್ಧವೇ ಹೆಚ್ಚು ಅಗತ್ಯ. ಮನೆಯಲ್ಲಿ ಕನ್ನಡ ಮಾತನಾಡಿಯೂ ಲಿಪಿಯನ್ನರಿಯದ ವಿದ್ಯಾರ್ಥಿಗೆ ಅಕ್ಷರ ಕಲಿಸಿ ಕಾವ್ಯದವರೆಗೆ ಕರೆದೊಯ್ಯುವುದು ಏರುದಾರಿ. ಅಲ್ಲಿನ ನಿಧಾನವನ್ನು ಹಿನ್ನಡೆಯೆಂದು ಎಣಿಸಿ, ಪ್ರಕಟಣೆಗಳ ಸಂಖ್ಯೆಯಿಂದಲೇ ವಿಭಾಗವೊಂದರ ಕೆಲಸವನ್ನು ಅಳೆಯುವವರು ಟಾಪ್ ಗೇರೊಂದನ್ನೇ ಬಲ್ಲವರು. ನಿಘಂಟುಕಾರರು 'ಟಾಪ್ ಗೇರ್' ಎಂಬುದಕ್ಕೆ 'ಅತಿವೇಗ' ಎಂಬ ಲಕ್ಷ್ಯಾರ್ಥವನ್ನು ಕೊಡಲಿ. ಅದರ ಜೊತೆಗೆ 'ಗೇರು ಇಳಿಸು' ಎಂಬುದಕ್ಕೆ 'ಏರುವುದಕ್ಕಾಗಿ ಬಲ ಕೂಡಿಸಿಕೊ' ಎಂಬ ಅರ್ಥವೂ ನಮ್ಮ ಬಳಕೆಯಿಂದ ನೆಲೆಗೊಳ್ಳಲಿ.