ಹದಿನೈದಕ್ಕೂ ಐವತ್ತಕ್ಕೂ ನಡುವೆ ಒಂದು ಸುಮೊ

ಒಂದು ಕಾಲಕ್ಕೆ ಬೀದಿ ಬೀದಿಯಲ್ಲೂ ಕಾಣುತ್ತಿದ್ದ ವಾಹನ ಪಾರಂಪರಿಕ ವಸ್ತು ಎನಿಸಿಕೊಳ್ಳಬಲ್ಲುದೇ? ಹಳೆಯ ಕಾರೆಂದರೆ ಮಹಾರಾಜರ ರೋಲ್ಸ್ ರಾಯ್ಸ್ ಎಂದೇ ಭಾವಿಸುವ ನಮಗೆ ಟಾಟಾ ಸುಮೊದ ಹೆಸರನ್ನು ಆ ಸಾಲಿನಲ್ಲಿ ಕೇಳಿದರೆ ನಗು ಬಂದೀತು. ಸುಮಂತ್ ಮೂಲಗಾಂವ್ಕರ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತು 1994ರಲ್ಲಿ ಮಾರುಕಟ್ಟೆಗೆ ಬಂದ ಈ ಬಂಡಿಯ ತಯಾರಿಕೆ 2019ರಲ್ಲಿ ನಿಂತಿತು. ಅಷ್ಟರೊಳಗೆ ಕರಾವಳಿಯಲ್ಲಿ ಅದು ಮದುವೆ ದಿಬ್ಬಣಗಳನ್ನು ಹೊತ್ತಿತ್ತು, ಮಣಿಪಾಲದ ಆಸ್ಪತ್ರೆಗೆ ರೋಗಿಗಳನ್ನು ತಲುಪಿಸಿತ್ತು, ಆಗುಂಬೆ ಘಾಟಿಯನ್ನು ಹತ್ತಿ ಇಳಿದಿತ್ತು. ಸೇವೆಯಲ್ಲಿದ್ದಾಗ ಚುನಾವಣೆಗೂ ನೆರೆ ಪರಿಶೀಲನೆಗೂ ನಾನು ಸುತ್ತಿದ್ದು ಜೀಪು, ಸುಮೊಗಳಲ್ಲೇ. (ಹಿಂಬದಿಯ ಅಡ್ಡ ಸೀಟಿನಲ್ಲಿ ಮೊಣಕಾಲು ಮಡಿಸಿ ಕುಳಿತ ಗುಮಾಸ್ತರು ಅದನ್ನು ಅಷ್ಟು ಪ್ರೀತಿಯಿಂದ ನೆನೆಯಲಾರರು.)

ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ನಗುವ ಸಂಗತಿಯೇನಲ್ಲ. ವಸ್ತುವೊಂದರ ವಿರಳತೆಯನ್ನು ನಿರ್ಧರಿಸುವುದು ಕೊನೆಗೆ ಉಳಿದವುಗಳ ಸಂಖ್ಯೆ. ಅರಮನೆಯ ಕಾರನ್ನು ಮೊದಲ ದಿನದಿಂದಲೇ ಜೋಪಾನ ಮಾಡುತ್ತಾರೆ. ಬಾಡಿಗೆ ಗಾಡಿಯನ್ನು ಕೊನೆಯ ಕಿಲೋಮೀಟರಿನವರೆಗೆ ದುಡಿಸಿ ಗುಜರಿಗೆ ಹಾಕುತ್ತಾರೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನೇ ನೋಡಿ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮರುಜೋಡಿಸತೊಡಗಿದಾಗ, ಅಂಥ ಮನೆಗಳನ್ನು ಕೆಡವಿ ಮರಮುಟ್ಟನ್ನು ಮಾರುವುದೇ ಜಾಣತನವೆನಿಸಿತ್ತು.

ಕಾನೂನು ಮಾತ್ರ ಈ ವಾಹನಗಳನ್ನು ನಡುನೀರಿನಲ್ಲಿ ಬಿಟ್ಟಿದೆ. ಕೇಂದ್ರ ಸರ್ಕಾರದ 2021ರ ನಿಯಮಗಳ ಪ್ರಕಾರ ‘ವಿಂಟೇಜ್’ ಮಾನ್ಯತೆಗೆ ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು. ಖಾಸಗಿ ಕಾರಿನ ಮೂಲ ನೋಂದಣಿ ಮುಗಿಯುವುದು 15ಕ್ಕೆ. 1994ರ ಸುಮೊ 2044ರವರೆಗೆ ಕಾಯಬೇಕು. ನಮ್ಮದೇ ಬಿಡದಿಯಲ್ಲಿ 2000ದಿಂದ ತಯಾರಾದ ಕ್ವಾಲಿಸ್‌ನ ಸರದಿ 2050ಕ್ಕೆ. ನಡುವಿನ 35 ವರ್ಷಗಳಲ್ಲಿ ಅದು ಬರೀ ಹಳೆಯ ಗಾಡಿ. 2022ರ ಏಪ್ರಿಲ್‌ನಲ್ಲಿ ಕಾರುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ಮೀರಿದವಕ್ಕೆ 10,000 ಆಯಿತು. ನವೀಕರಣ ಐದು ವರ್ಷಕ್ಕೊಮ್ಮೆ. ಅಂದರೆ ಹತ್ತು ವರ್ಷಕ್ಕೆ 20,000. ಹತ್ತು ವರ್ಷಗಳ ವಿಂಟೇಜ್ ನೋಂದಣಿಯ ಶುಲ್ಕವೂ 20,000! ಪಾರಂಪರಿಕ ವಾಹನದ ದರವನ್ನು ಸರ್ಕಾರ ಈಗಲೇ ವಸೂಲು ಮಾಡುತ್ತಿದೆ, ಮಾನ್ಯತೆಯೊಂದನ್ನು ಬಿಟ್ಟು.

ಇನ್ನೊಂದು ತೊಡಕು ನಮ್ಮ ಕರಾವಳಿಗೇ ವಿಶೇಷವಾದುದು. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎನ್ನುತ್ತದೆ ನಿಯಮ. ಕಾರ್ಕಳದ ಗೊಮ್ಮಟ 1432ರಿಂದ ಮಳೆಯಲ್ಲಿ ನೆನೆಯುತ್ತ ನಿಂತಿದ್ದಾನೆ, ಉಕ್ಕಿನ ತಗಡಿಗೆ ಆ ಭಾಗ್ಯವಿಲ್ಲ. ಕಾಪುವಿನ ಉಪ್ಪುಗಾಳಿಯಲ್ಲಿ ಟಿಂಕರಿಂಗ್ ಮಾಡಿಸದೆ, ತಗಡು ಬದಲಿಸದೆ ಐವತ್ತು ವರ್ಷ ಉಳಿಯುವ ಬಾಡಿ ಯಾವುದು? ತುಕ್ಕು ತೆಗೆದು ಅದೇ ಆಕಾರದಲ್ಲಿ ಮಾಡಿದ ದುರಸ್ತಿಯನ್ನು ಮಾರ್ಪಾಡೆಂದು ಎಣಿಸಬಾರದೆಂಬ ಸ್ಪಷ್ಟೀಕರಣವನ್ನಾದರೂ ಸಾರಿಗೆ ಸಚಿವಾಲಯ ಹೊರಡಿಸಲಿ.

ಹೊಗೆಯ ಆಕ್ಷೇಪ ನ್ಯಾಯವಾದದ್ದೇ. ತೊಂಬತ್ತರ ದಶಕದ ಡೀಸೆಲ್ ಎಂಜಿನ್ನು ದಿನನಿತ್ಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಬೇಕೆಂದು ನಾನು ವಾದಿಸುತ್ತಿಲ್ಲ. ಜರ್ಮನಿಯಲ್ಲಿ 30 ವರ್ಷ ದಾಟಿದ, ಸುಸ್ಥಿತಿಯ ವಾಹನಕ್ಕೆ ‘ಎಚ್’ ಅಕ್ಷರದ ಪ್ರತ್ಯೇಕ ಫಲಕ ದೊರೆಯುತ್ತದೆ. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪುವುದೂ ಮೂವತ್ತನ್ನೇ, ದಿನಬಳಕೆಗೆ ಇರಬಾರದೆಂಬ ಷರತ್ತಿನೊಡನೆ. ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಹಾಕಿ ಅಂಥದೊಂದು ವರ್ಗವನ್ನು ನಾವೂ ಸೃಷ್ಟಿಸಬಹುದು. ಎಲ್ಲ ಸುಮೊಗಳೂ ಅದಕ್ಕೆ ಅರ್ಹವಾಗಲಾರವು. ಮೂಲ ಎಂಜಿನ್ನು, ಮೂಲ ದಾಖಲೆ ಎರಡೂ ಉಳಿದಿರುವವು ಕೆಲವೇ.

ಸರ್ಕಾರಿ ವಾಹನಗಳ ವಿಚಾರ ಹೆಚ್ಚು ಜರೂರಿನದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳಿಗೆ ನವೀಕರಣವಿಲ್ಲ, ಅವು ಗುಜರಿ ಘಟಕ ಸೇರಬೇಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ಆರಂಭದ ವರ್ಷಗಳ ಜೀಪೋ ಸುಮೊವೋ ಯಾವುದಾದರೂ ಕಚೇರಿಯ ಶೆಡ್ಡಿನಲ್ಲಿ ಉಳಿದಿದ್ದರೆ, ನೋಂದಣಿ ರದ್ದುಪಡಿಸಿ ಪ್ರದರ್ಶನಕ್ಕೆಂದು ಇರಿಸಿಕೊಳ್ಳಲು ಜಿಲ್ಲಾಡಳಿತ ಅನುಮತಿ ಕೋರಬೇಕು. ಗುಜರಿಯಿಂದ ಬೊಕ್ಕಸಕ್ಕೆ ಬರುವ ಹಣ ಹೇಗೂ ಅಲ್ಪ.