ರೈಸ್‌ಮಿಲ್ ಹಿಂದಿನ ಮನೆ

'ನಿಮ್ಮನಿ ಎಲ್ಲೈತವಾ?' ಎಂದು ಶ್ರೀರಾಮನಗರದ ಐದು ವರ್ಷದ ಮಗುವನ್ನು ಕೇಳಿ ನೋಡಿ. 'ರೈಸ್‌ಮಿಲ್ ಹಿಂದ' ಎಂದೀತು. ಅಪ್ಪನ ಹೆಸರೇನು? 'ಅಪ್ಪ.' ಊರೊಳಗೆ ಇಷ್ಟು ಸಾಕು, ಯಾರಾದರೂ ಕೈಹಿಡಿದು ಮನೆ ಮುಟ್ಟಿಸುತ್ತಾರೆ. ಅದೇ ಮಗು ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ, ಲಕ್ಷಾಂತರ ಜನರ ನಡುವೆ ಕೈತಪ್ಪಿದರೆ?

ಭತ್ತದ ಕಣಜವೆನಿಸಿದ ಗಂಗಾವತಿ ಸೀಮೆಯಲ್ಲಿ ರೈಸ್‌ಮಿಲ್ಲುಗಳು ಎಷ್ಟೋ. 'ಕ್ಯಾಂಪು' ಎಂದರೂ ಸುಳಿವು ಸಿಗದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ಇಲ್ಲಿ ಹತ್ತಾರಿವೆ. ಆದ್ದರಿಂದ ಶ್ರೀರಾಮನಗರ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ ಎಂಬ ಮೂರೂ ಮಾತು ಒಂದೇ ಉಸಿರಿನಲ್ಲಿ ಬರುವಂತಾಗಬೇಕು. ಜೊತೆಗೆ ಅಪ್ಪ, ಅವ್ವನ ನಿಜವಾದ ಹೆಸರು, ಒಂದು ಮೊಬೈಲ್ ನಂಬರು. ಮನೆಯಲ್ಲಿ ತೆಲುಗು ಆಡುವ ಮಗು ಇದನ್ನು ಕನ್ನಡದಲ್ಲೂ ಹೇಳಲು ಕಲಿಯಲಿ.

ಹತ್ತು ಅಂಕಿಯನ್ನು ಒಮ್ಮೆಗೇ ಬಾಯಿಪಾಠ ಮಾಡಿಸಬೇಡಿ. ತಲೆ ಬಾಚುವಾಗ ಎರಡೆರಡೇ ಅಂಕಿ ಕೂಡಿಸುತ್ತಾ ಹೋಗಿ, ವಾರದಲ್ಲಿ ನಾಲಿಗೆಗೆ ಹತ್ತುತ್ತದೆ. ಏಳೆಂಟು ವರ್ಷವಾದರೆ ಪಿನ್‌ಕೋಡ್ ಕಲಿಸಿ. 1972ರಲ್ಲಿ ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಕೊನೆಯ ಮೂರು ಅಂಕಿ ಅಂಚೆ ಕಚೇರಿಯನ್ನೇ ತೋರಿಸುತ್ತವೆ. ಊರಿನ ಹೆಸರು ತೊದಲಿದರೂ ಅದು ದಾರಿ ತೋರುತ್ತದೆ.

ವಿಳಾಸ ಕಲಿಸಿದವರು ಅದನ್ನು ಯಾರಿಗೆ ಹೇಳಬೇಕೆಂದು ಕಲಿಸುವುದನ್ನು ಮರೆಯುತ್ತಾರೆ. ನನಗೆ ಹೆಚ್ಚು ಕಳವಳ ಇದರದೇ. ಕಳೆದುಹೋದಾಗ ಪೊಲೀಸರಿಗೆ, ಮೈಕಿನಲ್ಲಿ ಕೂಗುವವರಿಗೆ, ಅಂಗಡಿಯವರಿಗೆ, ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಂದಿರಿಗೆ ಹೇಳಬಹುದು. ಹೇಳಿದ ಮೇಲೆ ಅಲ್ಲೇ ನಿಲ್ಲಬೇಕು, 'ಬಾ, ಬಿಡ್ತೀನಿ' ಎಂದವರ ಬೈಕು ಹತ್ತಬಾರದು. ಫೋನಿನಲ್ಲಿ 'ಮನೆಯಾಗ ಯಾರದಾರ?' ಎಂದು ಕೇಳುವವರಿಗೆ ಏನನ್ನೂ ಹೇಳದೆ ದೊಡ್ಡವರ ಕೈಗೆ ಫೋನು ಕೊಡಬೇಕು.

ಶಾಲೆಯ ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಸುವ ಅಭ್ಯಾಸ ಬಿಡಿ. ಹೆಸರು ಹಿಡಿದು ಕರೆದವರನ್ನು ಮಗು ಪರಿಚಯದವರೆಂದೇ ನಂಬುತ್ತದೆ. ಹೆಸರು, ನಂಬರು ಚೀಲದ ಒಳಬದಿಯಲ್ಲಿರಲಿ.

ಜಾತ್ರೆಗೆ ಹೊರಡುವ ಮುನ್ನ ನಂಬರು ಬರೆದ ಚೀಟಿಯೊಂದನ್ನು ಮಗುವಿನ ಜೇಬಿಗೆ ಹಾಕಿ, ಅದು ಅಲ್ಲಿದೆಯೆಂದು ಮಗುವಿಗೂ ತಿಳಿಸಿ. ತಪ್ಪಿಸಿಕೊಂಡ ಮಗು ನಿಮ್ಮ ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ ಅದು, ಹಗಲಿರುಳೂ ಉಚಿತ.