ಬಂಡೆ ಪುಡಿಯಾದ ಮೇಲೆ ಸಾಕ್ಷಿ ನುಡಿಯುವವರಾರು?

ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಯ ಮರಳುಗಲ್ಲಿನ ಮೇಲೆ ಸುಮಾರು 55 ಕೋಟಿ ವರ್ಷ ಹಿಂದಿನ ‘ಡಿಕಿನ್‌ಸೋನಿಯಾ’ ಎಂಬ ಜೀವಿಯ ಅಚ್ಚು ದೊರೆತಿದೆಯೆಂದು 2021ರಲ್ಲಿ ವಿಜ್ಞಾನಿಗಳ ತಂಡವೊಂದು ಪ್ರಕಟಿಸಿತು. ಎರಡು ವರ್ಷ ಕಳೆಯುವುದರೊಳಗೆ ಮತ್ತೊಂದು ತಂಡ ಅದೇ ಬಂಡೆಯ ಮುಂದೆ ನಿಂತು ಪರಿಶೀಲಿಸಿತು. ಅಷ್ಟರಲ್ಲಿ ಆ ‘ಪಳೆಯುಳಿಕೆ’ ಕಳಚಿ ಬೀಳತೊಡಗಿತ್ತು. ಅದು ಹೆಜ್ಜೇನಿನ ಹಳೆಯ ಗೂಡಿನ ಗುರುತಾಗಿತ್ತು! ಮೊದಲ ತಂಡದ ಮುಖ್ಯಸ್ಥರೂ ತಪ್ಪನ್ನು ಒಪ್ಪಿಕೊಂಡರು.

ಇದೇ ವಿಂಧ್ಯ ಶಿಲಾಸ್ತರದ ಚೋರ್ಹಟ್ ಮರಳುಗಲ್ಲಿನಲ್ಲಿ 110 ಕೋಟಿ ವರ್ಷ ಹಿಂದೆ ಹುಳುಗಳು ಕೊರೆದ ಜಾಡುಗಳಿವೆಯೆಂದು 1998ರಲ್ಲಿ ವಾದಿಸಲಾಗಿತ್ತು. ಆ ಶಿಲೆ 160 ಕೋಟಿ ವರ್ಷದಷ್ಟು ಹಳೆಯದೆಂದು 2002ರಲ್ಲಿ ತಿಳಿದ ಮೇಲೆ ಆ ವಾದವೂ ಬಲ ಕಳೆದುಕೊಂಡಿತು. ಜೀವಿಯ ದೇಹ ಉಳಿಯದೆ ಅದರ ನಡೆ, ಬಿಲ, ಹೆಜ್ಜೆಯಷ್ಟೇ ಕಲ್ಲಿನಲ್ಲಿ ಉಳಿಯುವ ಜಾಡಿನ ಪಳೆಯುಳಿಕೆಗಳ ವಿಚಾರದಲ್ಲಿ ಇಂತಹ ತಪ್ಪು ಸಹಜ. ಎರಡೂ ಪ್ರಕರಣಗಳಲ್ಲಿ ತಪ್ಪನ್ನು ತಿದ್ದಲು ಸಾಧ್ಯವಾದದ್ದು ಬಂಡೆ ಇದ್ದಲ್ಲೇ ಇದ್ದುದರಿಂದ ಎಂಬುದನ್ನು ಮಾತ್ರ ನಾವು ಮರೆಯಲಾಗದು.

ನಮ್ಮ ಬೇಗೂರು ಸೀಮೆಯಲ್ಲಿ ಮರಳುಗಲ್ಲೂ ಇಲ್ಲ, ಜಾಡಿನ ಪಳೆಯುಳಿಕೆಯೂ ಇಲ್ಲ. ಅದಕ್ಕೆ ಬಾದಾಮಿಯತ್ತ ನೋಡಬೇಕು. ಅಲ್ಲಿನ ಕೆಂಪು ಮರಳುಗಲ್ಲಿನಲ್ಲಿ ಪ್ರಾಚೀನ ನೀರಿನ ಅಲೆಗಳ ಗೆರೆಗಳು ಇಂದಿಗೂ ಸ್ಪಷ್ಟವಾಗಿವೆ. ಬೇಗೂರಿನದು ನೈಸ್ ಶಿಲೆಯ ನೆಲ. ಆದರೆ ಪಕ್ಕದ ಸರಗೂರು ಶಿಲಾಪಟ್ಟಿಯಲ್ಲಿ ದೊರೆಯುವ ಕ್ವಾರ್ಟ್ಸೈಟ್ ಒಂದು ಕಾಲದಲ್ಲಿ ಮರಳೇ ಆಗಿತ್ತು. ಶಾಖ, ಒತ್ತಡಗಳಲ್ಲಿ ಬೆಂದು ಗಟ್ಟಿಯಾದ ಆ ಶಿಲೆಯಲ್ಲಿ 300 ಕೋಟಿ ವರ್ಷಕ್ಕೂ ಹಳೆಯ ಜಿರ್ಕಾನ್ ಕಣಗಳು ಸಿಕ್ಕಿವೆ. ಹುಳು ತೆವಳುವುದಕ್ಕೂ ಬಹು ಹಿಂದಿನ ಭೂಮಿಯ ದಾಖಲೆ ಅದು.

ಈ ಜಿಲ್ಲೆಯಲ್ಲಿ ಕಲ್ಲಿಗೆ ನಾವು ಇಟ್ಟಿರುವ ಬೆಲೆಯಾದರೂ ಏನು? ಕರಿಕಲ್ಲಾದರೆ ರಫ್ತಿನ ಸರಕು, ಬಿಳಿಕಲ್ಲಾದರೆ ಜಲ್ಲಿ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಪ್ರಾಣ ತೆತ್ತಾಗ ಅದರ ಮತ್ತೊಂದು ಬೆಲೆಯೂ ತಿಳಿಯಿತು. ಸೇವೆಯಲ್ಲಿದ್ದಾಗ ಕ್ವಾರಿ ಗುತ್ತಿಗೆಯ ಕಡತಗಳು ನನ್ನ ಮೇಜಿಗೂ ಬಂದಿದ್ದುವು. ಸರ್ವೆ ನಂಬರು, ಗೋಮಾಳವೋ ಅಲ್ಲವೋ, ಅರಣ್ಯದ ಅಂಚು, ರಾಜಧನ ಎಲ್ಲವನ್ನೂ ನೋಡಿದೆ. ಈ ಬಂಡೆ ಏನನ್ನು ಹೇಳುತ್ತದೆ ಎಂದು ಕೇಳುವ ಕಲಂ ಆ ನಮೂನೆಯಲ್ಲಿರಲಿಲ್ಲ. ನಾನೂ ಕೇಳಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ತೋರುವುದಿಷ್ಟು: ಕಡಿದ ಮರವನ್ನು ಮತ್ತೆ ನೆಡಬಹುದು, ಒಡೆದ ಶಿಲೆಗೆ ಮರುಹುಟ್ಟಿಲ್ಲ. ಟನ್ನಿಗಿಷ್ಟು ಎಂಬ ರಾಜಧನದಲ್ಲಿ ಈ ನಷ್ಟ ಸೇರುವುದೇ ಇಲ್ಲ. ಲಾಲ್‌ಬಾಗಿನ ಬಂಡೆ, ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಂತಹ ಕೆಲವಕ್ಕೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ದೊರೆತಿದೆ. ಭೂಪರಂಪರೆಯ ತಾಣಗಳ ಸಂರಕ್ಷಣೆಗೆ ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಕರಡು ಮಸೂದೆ ಪ್ರಕಟಿಸಿದಾಗ, ಅಧಿಕಾರವೆಲ್ಲ ಒಂದೇ ಸಂಸ್ಥೆಯಲ್ಲಿ ಕೇಂದ್ರೀಕೃತವಾಗುವುದೆಂಬ ಆಕ್ಷೇಪ ವಿಜ್ಞಾನಿಗಳಿಂದಲೇ ಬಂದಿತು. ಆ ಆಕ್ಷೇಪದಲ್ಲಿ ಹುರುಳಿದೆ.

ದೆಹಲಿಯ ಕಾನೂನಿಗಾಗಿ ಕಾಯದೆಯೂ ಮಾಡಬಹುದಾದ ಕೆಲಸವೊಂದಿದೆ. ಗುತ್ತಿಗೆ ನೀಡುವ ಮುನ್ನ ಭೂವಿಜ್ಞಾನಿಯೊಬ್ಬರು ಸ್ಥಳ ಪರಿಶೀಲಿಸಿ, ಛಾಯಾಚಿತ್ರ ಮತ್ತು ಮಾದರಿಗಳೊಡನೆ ವರದಿ ಸಲ್ಲಿಸಲಿ; ಅದರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಉಳಿಸತಕ್ಕ ಬಂಡೆ ಕಂಡರೆ ಅಷ್ಟು ಜಾಗವನ್ನು ಗುತ್ತಿಗೆಯಿಂದ ಕೈಬಿಡಲಿ. ಎಲ್ಲ ಕ್ವಾರಿಗಳನ್ನೂ ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಮನೆಗೂ ರಸ್ತೆಗೂ ಕಲ್ಲು ಬೇಕೇ ಬೇಕು.

ಭೀಮ್‌ಬೆಟ್ಕಾದಲ್ಲಿ ವಿದ್ವಾಂಸರು ತಪ್ಪಿದರು. ಬಂಡೆ ಅವರನ್ನು ತಿದ್ದಿತು. ಜಲ್ಲಿಯಾಗಿ ಲಾರಿ ಹತ್ತಿದ ಬಂಡೆ ಯಾರನ್ನೂ ತಿದ್ದಲಾರದು.